ಮಚ್ಚಿನ ಹಿಡಿಯಲ್ಲಿ ಉಳಿದ ಗೇರು

ಸಂಕ್ರಾಂತಿ ಕಳೆದ ಮೂರನೇ ದಿನ ಬೆಳಿಗ್ಗೆ ನನ್ನ ಹೆಂಡತಿಗೆ ಎಡಗಣ್ಣು ತೆರೆಯಲಾಗಲಿಲ್ಲ. ರೆಪ್ಪೆ ಊದಿ ಕಣ್ಣು ಮುಚ್ಚಿಹೋಗಿತ್ತು. ಎರಡೂ ಮುಂಗೈ ಮೇಲೆ ಬೆತ್ತದಲ್ಲಿ ಹೊಡೆದಂತೆ ಕೆಂಪು ಗೆರೆಗಳು, ಗೆರೆಯುದ್ದಕ್ಕೂ ಸಾಸಿವೆ ಕಾಳಿನಂಥ ನೀರುಗುಳ್ಳೆ. ಮಧ್ಯಾಹ್ನದ ಹೊತ್ತಿಗೆ ಕತ್ತಿನಲ್ಲೂ ಎದ್ದವು. ಮಂಡಿನೋವಿನಿಂದ ಅವಳು ಹದಿನೈದು ದಿನದಿಂದ ಹಿತ್ತಿಲು ದಾಟಿರಲಿಲ್ಲ. ತೋಟಕ್ಕೆ ಹೋಗಿಲ್ಲ, ಸೋಪು ಬದಲಿಸಿಲ್ಲ, ತಿನ್ನಬಾರದ್ದೇನನ್ನೂ ತಿಂದಿಲ್ಲ. ಎಲ್ಲಿಂದ ಬಂತು ಇದು?

ಎದುರುಮನೆ ಅಜ್ಜಿ ನೋಡಿದವರೇ "ಸರ್ಪಸುತ್ತು ಕಣವ್ವಾ" ಎಂದು ಕೆಮ್ಮಣ್ಣು ಕಲಸಿ ಹಚ್ಚಿದರು. ಒಂದು ಕ್ಲಿನಿಕ್ಕಿನಲ್ಲಿ ಇಂಜೆಕ್ಷನ್ ಕೊಟ್ಟು, "ಅಂಟುರೋಗ, ತಟ್ಟೆ ಲೋಟ ಬೇರೆ ಇಡಿ" ಎಂದರು. ಎರಡು ದಿನ ಇಳಿದದ್ದು ಮೂರನೇ ದಿನ ಮತ್ತೆ ಎದ್ದಿತು. ಅಷ್ಟರಲ್ಲಿ ಮಗಳು ಹೆದರಿ ಮಗುವನ್ನು ಕರೆದುಕೊಂಡು ಅರಸೀಕೆರೆಗೆ ಹೊರಟುಬಿಟ್ಟಿದ್ದಳು. ನಲವತ್ತು ವರ್ಷ ಮನೆ ಮಂದಿಗೆಲ್ಲ ಬಡಿಸಿದವಳು ಒಂಬತ್ತು ದಿನ ಹಿತ್ತಿಲ ಜಗಲಿಯಲ್ಲಿ ಒಬ್ಬಳೇ ಕೂತು ಉಂಡಳು. ಗುಳ್ಳೆಯ ಉರಿಗಿಂತ ಆ ಒಂಬತ್ತು ದಿನ ಅವಳನ್ನು ಹೆಚ್ಚು ಸುಟ್ಟಿತು. ಆ ಮಾತನ್ನು ಅವಳು ಇಂದಿಗೂ ಬಾಯಿಬಿಟ್ಟು ಆಡಿಲ್ಲ. ನನಗೆ ಗೊತ್ತು.

ಕೊನೆಗೆ ತುಮಕೂರಿನ ಚರ್ಮವೈದ್ಯರೊಬ್ಬರ ಬಳಿ ಹೋದೆವು. ಅವರು ಕೈ ಮೇಲಿನ ಗೆರೆಗಳನ್ನು ತಿರುಗಿಸಿ ತಿರುಗಿಸಿ ನೋಡಿದರು. ಆಮೇಲೆ ನನ್ನ ಕಡೆ ಬೆರಳು ತೋರಿಸಿ ಅವಳನ್ನು ಕೇಳಿದ್ದು ಒಂದೇ ಪ್ರಶ್ನೆ: "ಇವರ ಬಟ್ಟೆ ಯಾರಮ್ಮಾ ಒಗೆಯೋದು?"

"ನಾನೇ" ಎಂದಳು.

ವೈದ್ಯರು ನನ್ನ ಬಲಗೈ ಎಳೆದುಕೊಂಡರು. ಮಣಿಕಟ್ಟಿನ ಒಳಬದಿಯಲ್ಲಿ ಅವರೆಕಾಳಿನಗಲ ಒಂದು ಕಪ್ಪು ಕಲೆ ಇತ್ತು, ಸುತ್ತ ಒಂದಿಷ್ಟು ಕೆಂಪು. ನಾನದನ್ನು ಬಾಳೆಕರೆ ಅಂದುಕೊಂಡು ಸುಮ್ಮನಿದ್ದೆ. "ಯಾವ ಮರ ಕಡಿದಿರಿ?" ಎಂದರು. ಆಗ ನೆನಪಾಯಿತು.

ನಮ್ಮ ತೋಟ ಇರುವುದು ಶೆಟ್ಟಿಕೆರೆ ಹೋಬಳಿಯಲ್ಲಿ, ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ಗುಡ್ಡದ ಮಗ್ಗುಲಿಗೆ. ಮೂರು ಎಕರೆ, ನೂರೈವತ್ತು ತೆಂಗು. ಗುಡ್ಡದ ಕಡೆಯ ಬೇಲಿ ಬಿದ್ದಿತ್ತು. ಸಂಕ್ರಾಂತಿಗೆ ಮುಂಚೆ ಒಂದು ಸಂಜೆ ಬೇಲಿಗೂಟಕ್ಕೆಂದು ಅಲ್ಲೇ ಬೆಳೆದ ನಾಲ್ಕಾರು ಎಳೆಮರ ಕಡಿದು, ಹೆಗಲಿಗೆ ಟವಲು ಹಾಕಿಕೊಂಡು ಹೊತ್ತು ತಂದಿದ್ದೆ. ಅದರಲ್ಲೊಂದು ಗೇರು. ಹಣ್ಣಿದ್ದರೆ ಕಣ್ಣು ಕಟ್ಟಿದರೂ ಗುರುತು ಹಿಡಿಯುತ್ತಿದ್ದೆ. ಬರೀ ಎಲೆಯಿದ್ದ ಕೊಂಬೆಯಲ್ಲಿ ಗುರುತಾಗಲಿಲ್ಲ. ಮೂವತ್ತು ವರ್ಷ ಪ್ರೌಢಶಾಲೆಯಲ್ಲಿ ವಿಜ್ಞಾನ ಹೇಳಿಕೊಟ್ಟವನು ನಾನು. ಮೊಳದುದ್ದದ ಎಲೆ, ತುದಿ ಮೊಂಡು, ಕೆಳಮೈ ಬೂದುಬಿಳಿ, ಕೊಂಬೆಯ ತುದಿಯಲ್ಲಿ ಗೊಂಚಲು ಎಂದು ಗೇರಿನ ಲಕ್ಷಣ ಈಗ ಬರೆಯಬಲ್ಲೆ. ಅಂದು ನೋಡಲಿಲ್ಲ.

ಇಲ್ಲಿ ಹೆಸರಿನ ಗೊಂದಲವೊಂದನ್ನು ಬಿಡಿಸಬೇಕು. ಕರಾವಳಿಯವರಿಗೆ ಗೇರು ಎಂದರೆ ಗೋಡಂಬಿ. ಅವರಿಗೆ ಗೇರುಬೀಜ ಎಂದರೆ ಬಾಯಲ್ಲಿ ನೀರೂರುತ್ತದೆ. ತಿಪಟೂರು, ತುರುವೇಕೆರೆ ಕಡೆಯ ಹಳಬರು ಗೇರು ಎಂದರೆ ಕೈ ಹಿಂದಕ್ಕೆಳೆದುಕೊಳ್ಳುತ್ತಾರೆ. ನಮ್ಮದು ಗುಡ್ಡದ ಗೇರು. ಆಯುರ್ವೇದದವರ ಭಲ್ಲಾತಕ. ಕೇಸರಿ ಬಣ್ಣದ ತಿರುಳುಹಣ್ಣು, ಅದರ ತುದಿಗೆ ಅಂಟಿಕೊಂಡ ಹೊಳೆಯುವ ಕಪ್ಪು ಬೀಜ. ಹಣ್ಣನ್ನು ಸುಟ್ಟೋ ಒಣಗಿಸಿಯೋ ತಿನ್ನುತ್ತಿದ್ದೆವು. ಬೀಜದ ಸಿಪ್ಪೆಯೊಳಗಿನ ಎಣ್ಣೆ ಮಾತ್ರ ಮೈಗೆ ತಾಕಕೂಡದು. ಮಾವು, ಗೋಡಂಬಿ, ಪಿಸ್ತಾ, ಅಮಟೆ ಎಲ್ಲ ಇದರ ಕುಲದವೇ. ಗೋಡಂಬಿ ಪೋರ್ಚುಗೀಸರ ಜೊತೆ ಬ್ರೆಜಿಲ್‌ನಿಂದ ಬಂದದ್ದು, ಗೇರು ಇಲ್ಲೇ ಹುಟ್ಟಿದ್ದು. ಮಾವಿನ ತೊಟ್ಟಿನ ಸೊನೆ ತುಟಿ ಸುಡುತ್ತದಲ್ಲ, ಅದರ ಹತ್ತಿರದ ನೆಂಟಸ್ತಿಕೆ ಈ ಎಣ್ಣೆಗೆ. ನನ್ನ ಹೆಂಡತಿಗೆ ಈಗ ಮಾವಿನ ಸಿಪ್ಪೆ ಮುಟ್ಟಬೇಡಿ, ಬೇರೆಯವರು ಸುಲಿದು ಕೊಟ್ಟರೆ ತಿನ್ನಿ ಎಂದು ವೈದ್ಯರು ಹೇಳಿದ್ದಾರೆ.

ಸಸ್ಯಶಾಸ್ತ್ರದಲ್ಲಿ ಗೇರಿನ ಹೆಸರು ಸೆಮೆಕಾರ್ಪಸ್ ಅನಕಾರ್ಡಿಯಂ. ಸೆಮೆಕಾರ್ಪಸ್ ಎಂದರೆ ಗ್ರೀಕಿನಲ್ಲಿ ಗುರುತಿನ ಕಾಯಿ. ಆ ಹೆಸರಿಗೆ ಕಾರಣ ನಮ್ಮ ಮಡಿವಾಳರು. ನಾನು ಚಿಕ್ಕವನಿದ್ದಾಗ, 1960ರ ದಶಕದಲ್ಲಿ, ಊರಿನ ಬಟ್ಟೆಯೆಲ್ಲ ಒಂದೇ ಗಂಟಿನಲ್ಲಿ ಕೆರೆಗೆ ಹೋಗುತ್ತಿತ್ತು. ಯಾರದು ಯಾವುದೆಂದು ತಿಳಿಯಲು ಮಡಿವಾಳರು ಗೇರುಬೀಜವನ್ನು ದಬ್ಬಣದಿಂದ ಚುಚ್ಚಿ, ಒಸರಿದ ಎಣ್ಣೆಯಲ್ಲಿ ಬಟ್ಟೆಯ ಮೂಲೆಗೆ ಗುರುತಿಟ್ಟು, ಮೇಲೊಂದು ಚೂರು ಸುಣ್ಣ ಸವರುತ್ತಿದ್ದರು. ಕಂದು ಬಣ್ಣದ ಗೆರೆ ಕಣ್ಣೆದುರೇ ಕಪ್ಪಾಗುತ್ತಿತ್ತು. ಎಷ್ಟು ಸಲ ಕುದಿಸಿ ಬಡಿದರೂ ಅಳಿಯುತ್ತಿರಲಿಲ್ಲ. ನಮ್ಮ ಮನೆಯ ಗುರುತು ಒಂದು ಗೆರೆ, ಎರಡು ಚುಕ್ಕಿ. ಅಪ್ಪನ ಪಂಚೆ ಹರಿದು ನೆಲ ಒರೆಸುವ ಬಟ್ಟೆಯಾದ ಮೇಲೂ ಆ ಎರಡು ಚುಕ್ಕಿ ಹಾಗೇ ಇದ್ದವು. ಗುರುತಿಡುವ ಆ ಹಿರಿಯರ ಬೆರಳ ತುದಿ ಸದಾ ಕಪ್ಪು. ಬೀಜ ಮುಟ್ಟುವ ಮೊದಲು ಕೈಗೆ ಎಣ್ಣೆ ಸವರಿಕೊಳ್ಳುತ್ತಿದ್ದರು. ಗುರುತು ಪೂರ್ತಿ ಒಣಗದೆ ಬಟ್ಟೆ ಮಡಿಸಲು ಬಿಡುತ್ತಿರಲಿಲ್ಲ. ಅದೊಂದು ವಿದ್ಯೆ. ಅದನ್ನು ಕಲಿಸಿದ ಶಾಲೆ ಯಾವುದೂ ಇರಲಿಲ್ಲ, ಆದರೂ ಆ ಮನೆಯ ಮಕ್ಕಳಿಗೆಲ್ಲ ಗೊತ್ತಿತ್ತು.

ಎರಡನೇ ಮಹಾಯುದ್ಧದ ಕಾಲಕ್ಕೆ ಭಾರತಕ್ಕೆ ಬಂದಿಳಿದ ಅಮೆರಿಕದ ಸೈನಿಕರಲ್ಲಿ ಹಲವರಿಗೆ ಕತ್ತಿನ ಹಿಂದೆ, ಸೊಂಟದಲ್ಲಿ ಒಂದೊಂದು ಬಿಲ್ಲೆಯಷ್ಟು ಜಾಗದಲ್ಲಿ ತುರಿಕೆ, ಗುಳ್ಳೆ ಕಾಣಿಸಿಕೊಂಡಿತು. ಸೇನೆಯ ವೈದ್ಯರು ಹುಡುಕುತ್ತ ಹೋದಾಗ ಸಿಕ್ಕಿದ್ದು ಅಂಗಿಯ ಕಾಲರಿನ ಒಳಗೆ, ಚಡ್ಡಿಯ ಪಟ್ಟಿಯಲ್ಲಿ ಇದ್ದ ಗೇರಿನ ಗುರುತು. ಗುರುತು ಎಲ್ಲಿ ಮೈಗೆ ಒತ್ತುತ್ತಿತ್ತೋ ಅಲ್ಲೇ ಗಾಯ. ಅವರು ಅದನ್ನು 'ಧೋಬಿ ಮಾರ್ಕ್' ಚರ್ಮರೋಗ ಎಂದು ಕರೆದು 1943ರಲ್ಲಿ ಅಮೆರಿಕದ ವೈದ್ಯಸಂಘದ ಪತ್ರಿಕೆಯಲ್ಲಿ ಬರೆದರು. ಆ ಸೈನಿಕರು ಗೇರಿನ ಮರವನ್ನು ಕಣ್ಣಿಂದ ಕಂಡವರಲ್ಲ. ಆದರೂ ಅವರ ಮೈಗೆ ಗೇರಿನ ಎಣ್ಣೆ ಹಳೆಯ ವೈರಿಯಂತೆ ಗುರುತು ಸಿಕ್ಕಿತು. ಯಾಕೆಂದರೆ ಅವರ ಊರಿನ ಪೊದೆಗಳಲ್ಲಿ ಪಾಯ್ಸನ್ ಐವಿ ಎಂಬ ಬಳ್ಳಿ ಇದೆ. ಅದೂ ಮಾವಿನ ಕುಲದ್ದೇ. ಅದರೊಳಗಿನ ಎಣ್ಣೆಯ ಹೆಸರು ಉರುಶಿಯಾಲ್. ಜಪಾನಿನಲ್ಲಿ ಮರದ ಬಟ್ಟಲುಗಳಿಗೆ ಹಚ್ಚುವ ಅರಗಿನಂಥ ಹೊಳಪಿನ ರಸಕ್ಕೆ ಉರುಶಿ ಎನ್ನುತ್ತಾರೆ, ಆ ಹೆಸರಿನಿಂದ ಬಂದದ್ದು. ಅದನ್ನು ಕೊಡುವ ಮರವೂ ಇದೇ ಬಳಗ. ಗೇರಿನ ಎಣ್ಣೆಯ ಸಾರವೂ ಉರುಶಿಯಾಲ್ ಜಾತಿಯದ್ದೇ. ರಸಾಯನಶಾಸ್ತ್ರದ ಭಾಷೆಯಲ್ಲಿ ಹೇಳುವುದಾದರೆ, ಒಂದು ಕ್ಯಾಟಿಕಾಲ್ ಉಂಗುರಕ್ಕೆ ಹದಿನೈದು ಇಂಗಾಲದ ಉದ್ದನೆಯ ಬಾಲ. ಆ ಬಾಲದಿಂದಾಗಿಯೇ ಅದು ಎಣ್ಣೆಯಂತೆ ಅಂಟಿ, ಚರ್ಮದ ಜಿಡ್ಡಿನೊಳಗೆ ಇಳಿಯುತ್ತದೆ.

ನನ್ನ ತಂಗಿಯ ಮಗ ನ್ಯೂಜೆರ್ಸಿಯಲ್ಲಿದ್ದಾನೆ. ಫೋನಿನಲ್ಲಿ ಅತ್ತೆಯ ಸುದ್ದಿ ಕೇಳಿ, "ಮಾವ, ನಮ್ಮನೇಲೂ ಹೋದ ವರ್ಷ ಇದೇ ಕಥೆ" ಎಂದ. ಅವನ ಮನೆ ಹಿಂದಿನ ಕಾಡಂಚಿನಲ್ಲಿ ಐವಿ ಬಳ್ಳಿ ಇದೆ. ಅವನಾಗಲಿ ಹೆಂಡತಿಯಾಗಲಿ ಆ ಕಡೆ ಕಾಲಿಟ್ಟಿರಲಿಲ್ಲ, ನಾಯಿ ಓಡಾಡಿ ಬರುತ್ತಿತ್ತು. ನಾಯಿಗೆ ಏನೂ ಆಗಲಿಲ್ಲ, ದಟ್ಟ ರೋಮ ಅದರ ಚರ್ಮವನ್ನು ಕಾಯಿತು. ಆ ರೋಮವನ್ನು ಸವರಿದ ಕೈಗಳಿಗೆ ಆಯಿತು. ವೈದ್ಯರು ಮುಲಾಮು ಬರೆದುಕೊಟ್ಟು, ನಾಯಿಗೆ ಸ್ನಾನ ಮಾಡಿಸಿ, ಷೂ ಲೇಸು ತೊಳೆಯಿರಿ, ತೋಟದ ಕತ್ತರಿ ತೊಳೆಯಿರಿ ಎಂದರಂತೆ. ಅಲ್ಲಿ ಮೂರೆಲೆಯ ಗೊಂಚಲು ಕಂಡರೆ ಮುಟ್ಟಬೇಡ ಎಂದು ಶಾಲೆಯಲ್ಲೇ ಮಕ್ಕಳಿಗೆ ಹೇಳಿಕೊಡುತ್ತಾರೆ. ನಮ್ಮ ಮಕ್ಕಳಿಗೆ ಗೇರು ತೋರಿಸುವವರು ಯಾರು?

ಆ ಮಾತು ಕೇಳಿದ ಮೇಲೆ ನಾನು ಲೆಕ್ಕ ಹಾಕುತ್ತ ಕೂತೆ. ಕಡಿದ ಸಂಜೆ ನನ್ನ ಕೈಯಿಂದ ಎಣ್ಣೆ ಮಚ್ಚಿನ ಹಿಡಿಗೆ ಹೋಯಿತು. ಹಿಡಿಯಿಂದ ಟವಲಿಗೆ, ಟವಲಿನಿಂದ ಹೆಗಲಿನ ಅಂಗಿಗೆ. ಗೂಟ ಕಟ್ಟಿ ಎಳೆದ ಹಗ್ಗಕ್ಕೆ. ಮೊಪೆಡ್ಡಿನ ಹ್ಯಾಂಡಲಿಗೆ. ಅಂಗಿ, ಪಂಚೆ, ಟವಲು ಬಚ್ಚಲುಮನೆಯ ಬಕೆಟ್ಟಿಗೆ. ಅಲ್ಲಿಂದ ಒಗೆಯುವ ಕಲ್ಲಿಗೆ. ಅವಳು ಎಡಗೈಯಲ್ಲಿ ಬಟ್ಟೆ ಹಿಡಿದು ಬಲಗೈಯಲ್ಲಿ ತಿಕ್ಕಿದಳು. ಹಿಂಡುವಾಗ ಒದ್ದೆ ಪಂಚೆ ಮುಂಗೈಗೆ ಸುತ್ತಿಕೊಂಡಿತು, ಆ ಕೆಂಪು ಗೆರೆಗಳು ಪಂಚೆಯ ಮಡಿಕೆಯ ಗೆರೆಗಳು. ಬೆವರು ಒರೆಸಿಕೊಳ್ಳಲು ಮುಂಗೈ ಹಿಂಬದಿಯನ್ನು ಕಣ್ಣಿಗೆ, ಕತ್ತಿಗೆ ಸವರಿಕೊಂಡಳು. ಅಂಗೈಯ ಚರ್ಮ ದಪ್ಪ, ಅಲ್ಲಿ ಏನೂ ಆಗಲಿಲ್ಲ. ರೆಪ್ಪೆಯ ಚರ್ಮ ಈರುಳ್ಳಿ ಪೊರೆಯಷ್ಟು ತೆಳು, ಅಲ್ಲಿ ಊದಿತು. ಮರ ಕಡಿದವನು ನಾನು, ನೋವು ತಿಂದವಳು ಅವಳು.

ಗುಳ್ಳೆಯ ನೀರಿನಿಂದ ಇದು ಹರಡುವುದಿಲ್ಲ. ವೈದ್ಯರು ಮೂರು ಸಲ ಒತ್ತಿ ಹೇಳಿದ್ದು ಇದನ್ನೇ. ಗುಳ್ಳೆಯೊಳಗೆ ಇರುವುದು ನಮ್ಮ ಮೈಯದೇ ನೀರು, ಅದರಲ್ಲಿ ಗೇರಿನ ಎಣ್ಣೆ ಇಲ್ಲ. ಚರ್ಮದ ಮೇಲಿನ ಎಣ್ಣೆಯನ್ನು ಸೋಪು ಹಾಕಿ ತೊಳೆದ ಮೇಲೆ ಅವಳನ್ನು ಮುಟ್ಟಿದರೆ, ಅವಳ ತಟ್ಟೆಯಲ್ಲಿ ಉಂಡರೆ, ಮೊಮ್ಮಗಳು ತೊಡೆಯೇರಿ ಕೂತರೆ ಯಾರಿಗೂ ಏನೂ ಆಗುವುದಿಲ್ಲ. ಹಾಗಾದರೆ ಮೊದಲು ಕೈ, ಆಮೇಲೆ ಕತ್ತು ಎಂದು ಹರಡುತ್ತ ಹೋದಂತೆ ಕಂಡದ್ದೇಕೆ? ಎಣ್ಣೆ ಹೆಚ್ಚು ಬಿದ್ದ ತೆಳು ಚರ್ಮದಲ್ಲಿ ಬೇಗ ಏಳುತ್ತದೆ, ಕಡಿಮೆ ಬಿದ್ದ ದಪ್ಪ ಚರ್ಮದಲ್ಲಿ ತಡವಾಗಿ. ಜೊತೆಗೆ ತೊಳೆಯದ ವಸ್ತು ಮನೆಯಲ್ಲೇ ಇದ್ದರೆ ದಿನವೂ ಹೊಸದಾಗಿ ತಾಕುತ್ತಿರುತ್ತದೆ. ನಮ್ಮ ಮನೆಯಲ್ಲಿ ಒಗೆಯುವ ಕಲ್ಲನ್ನು ಯಾರೂ ತೊಳೆದಿರಲಿಲ್ಲ. ಒಂಬತ್ತು ದಿನ ನಾವು ದೂರವಿಟ್ಟದ್ದು ಅವಳನ್ನು. ಕಲ್ಲು, ಹಗ್ಗ, ಮಚ್ಚು ಮನೆಯೊಳಗೇ ಇದ್ದವು.

ಮಚ್ಚಿನ ವಿಷಯ ಇಲ್ಲಿಗೆ ಮುಗಿಯಲಿಲ್ಲ. ನಮ್ಮ ತೋಟದಲ್ಲಿ ಕಾಯಿ ಕೀಳಲು ಬರುವ ಹುಡುಗ ನೊಣವಿನಕೆರೆ ಕಡೆಯವನು. ಎರಡು ತಿಂಗಳ ಮೇಲೆ ದೋಟಿ ಹಿಡಿದು ಬಂದಿದ್ದ. ಒಣಗರಿ ಸವರಲು ನನ್ನ ಮಚ್ಚು ಕೇಳಿದ. ಅಟ್ಟದ ಕೆಳಗೆ ನೇತುಹಾಕಿದ್ದನ್ನು ನಾನೇ ಕೈಯಾರೆ ಕೊಟ್ಟೆ. ಎರಡು ತಿಂಗಳಾಗಿತ್ತು, ಮಚ್ಚಿನ ಮೇಲೆ ಕಣ್ಣಿಗೆ ಕಾಣುವಂಥದ್ದೇನೂ ಇರಲಿಲ್ಲ. ಮೂರನೇ ದಿನ ಅವನ ಬೆರಳ ಸಂದುಗಳಲ್ಲಿ ಗುಳ್ಳೆ, ಮುಖ ಊತ. ಮರ ಹತ್ತಲಾಗಲಿಲ್ಲ, ದೋಟಿ ಹಿಡಿಯಲಾಗಲಿಲ್ಲ. ಅದಕ್ಕಿಂತ ಹೆಚ್ಚಾಗಿ, ಅವನಿಗೆ ಏನೋ ರೋಗ ಹತ್ತಿದೆ ಎಂಬ ಮಾತು ಹರಡಿ, ಗುಳ್ಳೆ ಒಣಗಿದ ಮೇಲೂ ಕೆಲವು ತೋಟದವರು ಅವನನ್ನು ಕರೆಯಲಿಲ್ಲ. ದಿನಗೂಲಿಯವನಿಗೆ ಗೇರಿನ ಎಣ್ಣೆಗಿಂತ ಆ ಮಾತು ದೊಡ್ಡ ವಿಷ. ನಾನು ಅವನ ಜೊತೆ ನಾಲ್ಕು ಮನೆಗೆ ಹೋಗಿ, ತಪ್ಪು ಅವನದಲ್ಲ, ನನ್ನ ಮಚ್ಚಿನದು ಎಂದು ಹೇಳಿ ಬಂದೆ.

ಎರಡು ತಿಂಗಳು ಒಂದು ಎಣ್ಣೆ ಕಬ್ಬಿಣ, ಮರದ ಹಿಡಿಯ ಮೇಲೆ ಜೀವ ಹಿಡಿದಿರುತ್ತದೆಯೇ ಎಂದು ನಂಬಲು ನನಗೇ ಕಷ್ಟವಾಯಿತು. ಓದಿ ನೋಡಿದರೆ ಎರಡು ತಿಂಗಳು ಏನೂ ಅಲ್ಲ. ಒಣಗಿದ ಜಾಗದಲ್ಲಿ ಉರುಶಿಯಾಲ್ ವರ್ಷಗಟ್ಟಲೆ ಉಳಿಯಬಲ್ಲದು. ತೇವ, ಗಾಳಿ ಸಿಕ್ಕರೆ ಅದು ನಿಧಾನವಾಗಿ ಗಟ್ಟಿಯಾಗಿ ಅರಗಿನ ಪದರವಾಗುತ್ತದೆ. ಜಪಾನಿನವರು ತಮ್ಮ ಬಟ್ಟಲುಗಳನ್ನು ತೇವದ ಪೆಟ್ಟಿಗೆಯಲ್ಲಿಟ್ಟು ಒಣಗಿಸುವುದು ಇದಕ್ಕೇ. ಈಗ ನಮ್ಮ ಸೀಮೆಯ ಮನೆಗಳನ್ನು ನೋಡಿ. ತಿಪಟೂರಿನ ಉಂಡೆಕೊಬ್ಬರಿಗೆ ಹೆಸರು ಬಂದದ್ದೇ ಅಟ್ಟದಿಂದ. ಕಾಯಿಯನ್ನು ಹತ್ತು ಹನ್ನೊಂದು ತಿಂಗಳು ಅಟ್ಟದ ಮೇಲೆ, ಮಳೆ ಬಿಸಿಲು ತಾಕದಂತೆ ಒಣಜಾಗದಲ್ಲಿಟ್ಟು, ಒಳಗೆ ಗುಡುಗುಡು ಎನ್ನುವ ತನಕ ಕಾಯುತ್ತೇವೆ. ಆ ಅಟ್ಟದ ಕೆಳಗೇ ಮಚ್ಚು, ಕುಡುಗೋಲು, ಹಗ್ಗ, ಗೋಣಿಚೀಲ, ದೋಟಿ ಎಲ್ಲ. ಕೊಬ್ಬರಿಯನ್ನು ಕೆಡದಂತೆ ಕಾಯುವ ಒಣಗಾಳಿಯೇ ಗೇರಿನ ಎಣ್ಣೆಯನ್ನೂ ಕಾಯುತ್ತದೆ. ಇದನ್ನು ನನಗೆ ಯಾವ ಪುಸ್ತಕವೂ ಹೇಳಲಿಲ್ಲ. ನನ್ನ ಮನೆಯ ಅಟ್ಟದ ಕೆಳಗೆ ನಿಂತಾಗ ಹೊಳೆಯಿತು.

ಇನ್ನೊಂದು ಮಾತು ನಮ್ಮ ಸೀಮೆಗೇ ಸೇರಿದ್ದು, ಕೊಬ್ಬರಿ ಎಣ್ಣೆಯದು. ಮೈಗೆ ಏನಾದರೂ ಮೊದಲು ಕೈ ಹೋಗುವುದು ಎಣ್ಣೆ ಸೀಸೆಗೆ. ಹಳಬರು ಗೇರುಬೀಜ ಮುಟ್ಟುವ ಮುಂಚೆ ಎಣ್ಣೆ ಹಚ್ಚುತ್ತಿದ್ದರು. ಗೋಡಂಬಿ ಬೀಜ ಒಡೆಯುವ ಹೆಣ್ಣುಮಕ್ಕಳೂ ಕೈಗೆ ಎಣ್ಣೆ, ಬೂದಿ ಹಚ್ಚಿಕೊಳ್ಳುತ್ತಾರೆ. ಆಯುರ್ವೇದದವರು ಭಲ್ಲಾತಕವನ್ನು ಇಟ್ಟಿಗೆಪುಡಿಯಲ್ಲಿ ತಿಕ್ಕಿ ಎಣ್ಣೆ ಹೀರಿಸಿ, ತೊಳೆದು, ಶೋಧಿಸಿದ ಮೇಲಷ್ಟೇ ಔಷಧಕ್ಕೆ ಬಳಸುವುದು. ತೆಂಗಿನಕಾಯಿ ನೀರಿನಲ್ಲಿ ಬೇಯಿಸುವ ಕ್ರಮವೂ ಉಂಟು. ಇದೆಲ್ಲ ತಾಕುವ ಮೊದಲಿನ ಎಚ್ಚರ. ತಾಕಿದ ಮೇಲೆ ಕೊಬ್ಬರಿ ಎಣ್ಣೆ ಹಚ್ಚಿ ತಿಕ್ಕಿದರೆ, ಗೇರಿನ ಎಣ್ಣೆ ಅದರಲ್ಲಿ ಕರಗಿ ಇನ್ನೂ ಅಗಲಕ್ಕೆ ಹರಡುತ್ತದೆ. ನನ್ನ ಹೆಂಡತಿ ಮೊದಲ ದಿನ ಮಾಡಿದ್ದು ಅದನ್ನೇ, ಹೇಳಿಕೊಟ್ಟವನು ನಾನು. ತಾಕಿದ ಕೂಡಲೇ ಬೇಕಾದದ್ದು ಸೋಪು, ಧಾರಾಳ ನೀರು. ಎಷ್ಟು ಬೇಗ ತೊಳೆದರೆ ಅಷ್ಟು ಹೆಚ್ಚು ಹೋಗುತ್ತದೆ. ಉಗುರಿನ ಸಂದಿಯನ್ನು ಮರೆಯಬಾರದು, ತುರಿಸುವುದು ಉಗುರಿನಿಂದಲೇ. ಹೊತ್ತಾದರೂ ತೊಳೆಯುವುದು ವ್ಯರ್ಥವಲ್ಲ, ಮೈಮೇಲೆ ಉಳಿದದ್ದು ಬೇರೆಡೆ ಹೋಗುವುದಾದರೂ ತಪ್ಪುತ್ತದೆ.

ವಸ್ತುಗಳಿಗೂ ಅದೇ ಮದ್ದು. ಮಚ್ಚನ್ನು ನಾನು ಕೈಗೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡು ಪಾತ್ರೆ ಸೋಪಿನಲ್ಲಿ ಎರಡು ಸಲ ಉಜ್ಜಿ, ಔಷಧಿ ಅಂಗಡಿಯ ಸ್ಪಿರಿಟ್ಟಿನಲ್ಲಿ ಒರೆಸಿ, ಮರದ ಹಿಡಿ ಕಿತ್ತುಹಾಕಿ ಹೊಸದು ಹಾಕಿಸಿದೆ. ಆಸ್ಪತ್ರೆಯ ತೆಳು ರಬ್ಬರ್ ಗ್ಲೌಸು ಇದಕ್ಕೆ ಸಾಲದು, ಎಣ್ಣೆ ಅದನ್ನು ದಾಟಿ ಒಳಗೆ ಬರುತ್ತದೆ. ಬಟ್ಟೆಯನ್ನು ಬೇರೆಯಾಗಿ ಬಿಸಿನೀರು, ಸೋಪಿನಪುಡಿಯಲ್ಲಿ ನೆನೆಸಿ ನಾನೇ ಒಗೆದೆ. ಹಗ್ಗ, ಗೂಟಗಳನ್ನು ಗುಂಡಿ ತೋಡಿ ಹೂತೆ. ಸುಡಲಿಲ್ಲ. ಸುಟ್ಟರೆ ಆ ಎಣ್ಣೆ ಹೊಗೆಯ ಕಣಗಳ ಮೇಲೆ ಕೂತು ಗಂಟಲು, ಶ್ವಾಸಕೋಶಕ್ಕೆ ಇಳಿಯುತ್ತದೆ. ಚರ್ಮದ ಗುಳ್ಳೆ ವಾಸಿಯಾಗುತ್ತದೆ, ಒಳಗೆ ಎದ್ದದ್ದು ಪ್ರಾಣಕ್ಕೆ ಬರಬಹುದು. ತೋಟದ ಮೂಲೆಯಲ್ಲಿ ಗರಿ, ಮಟ್ಟೆ, ಬೇಲಿಕಸ ಎಲ್ಲ ಒಟ್ಟಿ ಬೆಂಕಿ ಇಡುವ ನಮ್ಮ ಅಭ್ಯಾಸವನ್ನು ಈ ಕಾರಣಕ್ಕಾದರೂ ಮತ್ತೊಮ್ಮೆ ಯೋಚಿಸಬೇಕು.

ಗೇರು ಈಗ ಎಷ್ಟಿದೆ, ಇಷ್ಟು ಬರೆಯುವುದೇಕೆ ಎಂದು ಯಾರಾದರೂ ಕೇಳಬಹುದು. ಮರ ಕಡಿಮೆಯಾಗಿದೆ, ನಿಜ. ಕಡಿಮೆಯಾದದ್ದರಿಂದಲೇ ಗುರುತು ಮರೆತಿದೆ, ಗುರುತು ಮರೆತದ್ದರಿಂದಲೇ ನನ್ನಂಥವನು ಅದನ್ನು ಹೆಗಲ ಮೇಲೆ ಹೊತ್ತು ಮನೆಗೆ ತಂದದ್ದು. ಆದರೆ ಗೇರು ಇಲ್ಲದ ತೋಟದಲ್ಲೂ ಕಾಂಗ್ರೆಸ್ ಗಿಡ ಇದೆ. ಪಾರ್ಥೇನಿಯಂ. 1950ರ ದಶಕದಲ್ಲಿ ಪುಣೆಯಲ್ಲಿ ಮೊದಲು ಕಣ್ಣಿಗೆ ಬಿದ್ದ ಕಳೆ ಇದು. ಕರ್ನಾಟಕ ಸರ್ಕಾರ 1975ರಲ್ಲೇ ಇದನ್ನು ಹಾನಿಕಾರಕ ಕಳೆ ಎಂದು ಘೋಷಿಸಿತು. 1984ರಲ್ಲಿ ಇದನ್ನು ತಿನ್ನುವ ಮೆಕ್ಸಿಕೋದ ಜೀರುಂಡೆಯನ್ನು ಬೆಂಗಳೂರಿನಲ್ಲಿ ಬಿಟ್ಟರು. ಜೀರುಂಡೆ ಮಳೆಗಾಲದಲ್ಲಿ ಎಲೆ ತಿಂದು ಜಾಲರಿ ಮಾಡುವುದನ್ನು ನಾನೇ ನೋಡಿದ್ದೇನೆ, ಗಿಡ ಮಾತ್ರ ಹೋಗಿಲ್ಲ. ಇದರ ವಿಷ ಗೇರಿನಂಥ ಎಣ್ಣೆಯಲ್ಲ, ಪಾರ್ಥೇನಿನ್ ಎಂಬ ಬೇರೆ ವಸ್ತು. ಗಿಡದ ಸಣ್ಣ ರೋಮಗಳಲ್ಲಿ ಇರುತ್ತದೆ. ಗಿಡ ಒಣಗಿ ಪುಡಿಯಾದರೆ ಗಾಳಿಯಲ್ಲಿ ಹಾರಿ ರೆಪ್ಪೆ, ಕತ್ತು, ಮೊಣಕೈ ಮಡಿಕೆಯಲ್ಲಿ ಕೂರುತ್ತದೆ. ಆದರೆ ಮೈ ಅದನ್ನು ಎದುರಿಸುವ ರೀತಿ ಒಂದೇ: ಯಾವಾಗಲೋ ಒಂದು ಸಲ ಮೈ ಅದನ್ನು ಗುರುತಿಟ್ಟುಕೊಳ್ಳುತ್ತದೆ, ಆಮೇಲೆ ತಾಕಿದಾಗ ಒಂದೆರಡು ದಿನದಲ್ಲೇ ಸಿಡಿದೇಳುತ್ತದೆ. "ನಾನು ಇಪ್ಪತ್ತು ವರ್ಷದಿಂದ ಕೀಳ್ತಿದೀನಿ, ನಂಗೇನಾಗಿಲ್ಲ" ಎನ್ನುವವರಿಗೆ ಇಪ್ಪತ್ತೊಂದನೇ ವರ್ಷ ಆಗಬಹುದು.

ಅದನ್ನು ಕೀಳುತ್ತಿರುವವರು ಯಾರು? ತೆಂಗಿನ ಸಾಲುಗಳ ನಡುವೆ, ರಸ್ತೆಬದಿಯಲ್ಲಿ, ಹಬ್ಬ ಜಾತ್ರೆಯ ಮುಂಚೆ ಊರ ಸುತ್ತ, ಬರಿಗೈಯಲ್ಲಿ ಬಾಗಿ ಕೂತು ಕೀಳುವವರು ಕೂಲಿ ಹೆಂಗಸರು. ಕಿತ್ತ ಗಿಡವನ್ನು ಸೀರೆಯ ಮಡಿಲಲ್ಲಿ ಒತ್ತಿ ಹಿಡಿದು ಬದುವಿಗೆ ಹಾಕುತ್ತಾರೆ. ಅದೇ ಸೀರೆಯ ಸೆರಗಿನಲ್ಲಿ ಮುಖ ಒರೆಸುತ್ತಾರೆ, ಅದೇ ಸೆರಗನ್ನು ಮಗುವಿಗೆ ಹೊದಿಸುತ್ತಾರೆ. ಸಂಜೆ ಅದೇ ಸೀರೆಯಲ್ಲಿ ಒಲೆ ಮುಂದೆ ಕೂರುತ್ತಾರೆ. ಅವರ ಕುತ್ತಿಗೆ ಕಪ್ಪಾಗಿ ಒರಟಾಗಿ, ಆನೆಚರ್ಮದಂತಾಗಿರುವುದನ್ನು ನಾವು ಬಿಸಿಲಿಗೆ ಆದದ್ದು ಎಂದುಕೊಂಡು ದಾಟಿ ಹೋಗುತ್ತೇವೆ.

ನಾನು ಕೇಳುತ್ತಿರುವುದು ದೊಡ್ಡ ಯೋಜನೆಯನ್ನಲ್ಲ. ನಮ್ಮಲ್ಲೇ ಕೊನೇಹಳ್ಳಿಯಲ್ಲಿ ಕೃಷಿ ವಿಜ್ಞಾನ ಕೇಂದ್ರ ಇದೆ. ತೆಂಗಿನ ರೋಗ, ನುಸಿ, ಗೊಬ್ಬರದ ಬಗ್ಗೆ ಅಲ್ಲಿ ರೈತರಿಗೆ ತಿಳಿಸಿಕೊಡುತ್ತಾರೆ. ಅದೇ ಸಭೆಯಲ್ಲಿ ಹತ್ತು ನಿಮಿಷ, ಒಂದು ಗೇರಿನ ಕೊಂಬೆಯನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ತೋರಿಸಲಿ. ತೆಂಗು ಅಭಿವೃದ್ಧಿ ಮಂಡಳಿ 2011ರಿಂದ ಯುವಕರಿಗೆ ಯಂತ್ರ ಹಾಕಿ ಮರ ಹತ್ತುವ ತರಬೇತಿ ಕೊಡುತ್ತ ಬಂದಿದೆ. ಬೀಳದಂತೆ ಹತ್ತುವುದನ್ನು ಕಲಿಸುವ ಕಡೆಯೇ, ಬೇರೆಯವರ ಮಚ್ಚು ಹಿಡಿಯುವ ಮುಂಚೆ ಅದನ್ನು ತೊಳೆಯುವುದನ್ನೂ ಕಲಿಸಲಿ. ಉದ್ಯೋಗ ಖಾತ್ರಿಯಲ್ಲಾಗಲಿ ಪಂಚಾಯಿತಿ ಕೂಲಿಯಲ್ಲಾಗಲಿ ಕಳೆ ಕೀಳಿಸುವವರು ದಪ್ಪ ಕೈಗವಸು, ಕೆಲಸ ಮುಗಿದ ಮೇಲೆ ಒಂದು ಬಕೆಟ್ ನೀರು, ಒಂದು ಸೋಪು ಕೊಡದೆ ಕೆಲಸಕ್ಕೆ ಇಳಿಸಬಾರದು. ಅದು ಉಪಕಾರವಲ್ಲ, ಕೂಲಿಯ ಭಾಗ.

ವೈದ್ಯರಿಗೂ ಒಂದು ಕೋರಿಕೆ. ಗುಳ್ಳೆ ಎದ್ದ ಹೆಂಗಸು ಬಂದರೆ ಏನು ತಿಂದೆ ಎಂದು ಕೇಳುವಂತೆ, ಯಾರ ಬಟ್ಟೆ ಒಗೆದೆ, ಮನೆಯಲ್ಲಿ ಯಾರು ಏನು ಕಡಿದರು ಎಂದೂ ಕೇಳಿ. ಒಂದು ಪ್ರಶ್ನೆಯಿಂದ ನನ್ನ ಹೆಂಡತಿಯ ರೋಗ ಸಿಕ್ಕಿತು. ಮೂರು ವಾರ ನಿಧಾನಕ್ಕೆ ಇಳಿಸುತ್ತ ಬಂದ ಮಾತ್ರೆಯಲ್ಲಿ ಪೂರ್ತಿ ವಾಸಿಯಾಯಿತು. ಅಂಟುರೋಗ ಎಂಬ ಮಾತನ್ನು ಖಾತ್ರಿಯಿಲ್ಲದೆ ಆಡಬೇಡಿ. ನಮ್ಮ ಹಳ್ಳಿಗಳಲ್ಲಿ ಆ ಮಾತಿಗೆ ತಟ್ಟೆ ಬೇರೆಯಾಗುತ್ತದೆ, ಕೂಲಿ ನಿಲ್ಲುತ್ತದೆ, ಮಗು ಮಡಿಲಿಂದ ದೂರವಾಗುತ್ತದೆ.

ಮನೆಯ ಗಂಡಸರಿಗೆ ನನ್ನದೊಂದು ಬೇಡಿಕೆ ಉಂಟು. ತೋಟದಿಂದ ಬಂದವರು ಪಂಚೆ, ಅಂಗಿ ಬಿಚ್ಚಿ ಬಕೆಟ್ಟಿಗೆ ಹಾಕಿ ಕಾಫಿಗೆ ಕೂರುತ್ತೇವೆ. ಗುರುತಿಲ್ಲದ ಗಿಡ ಕಡಿದ ದಿನ, ಕಳೆ ಕಿತ್ತ ದಿನ, ಕೈ ಮೇಲೆ ಕಪ್ಪು ಕಲೆ ಕಂಡ ದಿನ ಹಾಗೆ ಮಾಡಬೇಡಿ. ಆ ಬಟ್ಟೆಯನ್ನು ಬೇರೆ ಇಟ್ಟು ನೀವೇ ಒಗೆಯಿರಿ. ಮಚ್ಚನ್ನು ಅಟ್ಟದ ಕೆಳಗೆ ನೇತುಹಾಕುವ ಮುಂಚೆ ಸೋಪು ಹಾಕಿ ತೊಳೆಯಿರಿ. ಒಗೆಯುವ ಕಲ್ಲಿನ ಮುಂದೆ ಕೂರುವವರಿಗೆ, ಇವತ್ತು ಏನು ಕಡಿದೆ ಎಂದು ಬಾಯಿಬಿಟ್ಟು ಹೇಳಿ.